ಹೋದ ವರ್ಷದ ಮೋಡ

ಬೆಳಿಗ್ಗೆ ಒಲೆಯ ಮೇಲೆ ಚಹಾ ಕುದಿಯುವ ಹೊತ್ತಿಗೆ ಮೊಬೈಲಿನಲ್ಲಿ ಭೂಮಿಯನ್ನು ನೋಡುವ ಚಟ ನನಗೆ ಅಂಟಿ ಬಹಳ ದಿನಗಳಾದವು. ಭೂಮಿ ಎಂದರೆ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲ, ಪೂರ್ತಿ ಭೂಮಿ. ಮೇಲೆಲ್ಲೋ ನಿಂತ ಉಪಗ್ರಹಗಳು ಅರ್ಧ ತಾಸಿಗೊಮ್ಮೆ ತೆಗೆದು ಕಳಿಸುವ ಮೋಡಗಳ ಚಿತ್ರ. ಅದನ್ನು ನೋಡಿ ನಾನು ಮಾಡುವುದೇನೂ ಇಲ್ಲ. ಆದರೂ ನೋಡದಿದ್ದರೆ ದಿನ ಹೊರಡುವುದಿಲ್ಲ. ಕಸಬರಿಗೆ ಹಿಡಿದು ಪಡಸಾಲೆ ದಾಟುವ ಹೆಂಡತಿ ಒಮ್ಮೊಮ್ಮೆ ಕೇಳುತ್ತಾಳೆ.

"ತಿರಗಾಕತ್ತೈತೇನ್ರಿ ಇನ್ನಾ?"

"ಹೂಂ. ತಿರಗಾಕತ್ತೈತಿ."

"ಹಂಗಾರ ಸ್ವಲ್ಪ ಕಾಲ ಎತ್ತರಿ. ಕಸಾ ಹೊಡೀತೇನಿ."

ಈ ಅರ್ಧ ತಾಸಿನ ಚಿತ್ರಗಳನ್ನೆಲ್ಲ ಒಂದರ ಹಿಂದೆ ಒಂದು ಪೋಣಿಸಿ, ಇಡೀ ವರ್ಷದ ಮೋಡಗಳ ಓಡಾಟವನ್ನು ಒಂದು ಸಣ್ಣ ಚಲನಚಿತ್ರ ಮಾಡಿ ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕುತ್ತಾರೆ. ಬಸಿಯಲ್ಲಿ ಸುರುವಿಕೊಂಡ ಚಹಾ ಆರುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಆಫ್ರಿಕದ ಕಾಡುಗಳ ಮೇಲೆ ದಿನವೂ ಮಧ್ಯಾಹ್ನ ಮೋಡ ಸಿಡಿಯುವುದನ್ನು ನೋಡಬೇಕು, ಪಂಚಮಿಗೆ ಜೋಳದ ಅಳ್ಳು ಹುರಿದ ಹಾಗೆ. ತೆಂಕಣದ ಸಾಗರಗಳ ಮೇಲೆ ಬಿಳಿ ಎಳೆಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಅವಕ್ಕೆ ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ. ಸಹಾರಾ ಮಾತ್ರ ವರ್ಷವಿಡೀ ಹಂಚಿನಂತೆ ಬರಿದಾಗಿ ಕೂತಿರುತ್ತದೆ. ಎಲ್ಲೋ ಪೆಸಿಫಿಕ್‌ನಲ್ಲಿ ಸುಳಿ ಹುಟ್ಟುತ್ತದೆ, ಬುಗುರಿಯಂತೆ ತಿರುಗುತ್ತ ಯಾವುದೋ ದೇಶದ ದಡಕ್ಕೆ ಬಡಿಯುತ್ತದೆ, ಬಿಚ್ಚಿಹೋಗುತ್ತದೆ. ಅಲ್ಲಿ ಎಷ್ಟು ಮನೆಗಳ ತಗಡು ಹಾರಿದವೋ ಚಿತ್ರ ಹೇಳುವುದಿಲ್ಲ. ಅದಕ್ಕೆ ಸದ್ದಿಲ್ಲ.

ನಮ್ಮ ನೆಲವನ್ನು ಹುಡುಕುವುದೇ ಒಂದು ಕೆಲಸ. ಅಲ್ಲಿ ಗಡಿಗೆರೆ ಇಲ್ಲ, ಊರ ಹೆಸರಿಲ್ಲ. ಪಡುವಣ ಕರಾವಳಿಯ ಅಂಚು ಹಿಡಿದು ಗೋವೆಯ ಅಂದಾಜಿಗೆ ಬಂದು, ಅಲ್ಲಿಂದ ಒಳಗೆ ಬೆರಳಿಟ್ಟರೆ ಬೆರಳ ತುದಿಯ ಕೆಳಗೆ ಸೊಲ್ಲಾಪುರದಿಂದ ಬಾಗಲಕೋಟೆಯ ತನಕ ಎಲ್ಲವೂ ಮುಚ್ಚಿಹೋಗುತ್ತದೆ. ಗೋಳಗುಮ್ಮಟವೂ.

ಮೊನ್ನೆ ಮುಗಿದ ವರ್ಷದ ಚಿತ್ರ ಬಂತು. ಯುಗಾದಿಯ ನಂತರದ ಒಂದು ಮಧ್ಯಾಹ್ನ ಬರುವಾಗ ಕೈ ತಾನಾಗಿ ಅದನ್ನು ನಿಲ್ಲಿಸಿತು. ಬೆರಳಿಡುವ ಜಾಗದಲ್ಲಿ ಬಿಳಿಯ ಒಂದು ಚುಕ್ಕೆ. ಅದರ ಹಿಂದಿನ ಚಿತ್ರದಲ್ಲಿ ಇಲ್ಲ. ಮುಂದೆ ಐದಾರು ಚಿತ್ರ ಸರಿಸಿದರೆ ಹರಡಿ, ತೆಳುವಾಗಿ, ಹೋಗಿಯೇ ಬಿಟ್ಟಿದೆ. ಗಾಜಿನ ಮೇಲಿನ ಧೂಳೆಂದು ಅಂಗಿಯ ಅಂಚಿನಿಂದ ಒರೆಸಿಬಿಡಬೇಕು, ಅಷ್ಟು ಸಣ್ಣದು.

ಆ ಚುಕ್ಕೆಯ ಕೆಳಗೆ ನಾನಿದ್ದೆ. ನನ್ನ ಅಕ್ಕನ ವರ್ಷದ ದುಡಿತವೆಲ್ಲ ಅಲ್ಲಿತ್ತು.

ಆ ಮಧ್ಯಾಹ್ನಕ್ಕೆ ಬರುವ ಮುಂಚೆ ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾನು ಪತ್ರಿಕೆಯಲ್ಲಿ ಡೆಸ್ಕಿಗೆ ಕೂತು ದುಡಿದವನು. ವರದಿಗಾರರು ಊರು ತಿರುಗಿ ತಂದ ಸುದ್ದಿಯನ್ನು ಕತ್ತರಿಸಿ ಅಂಕಣಕ್ಕೆ ಕೂಡಿಸುವುದು ನನ್ನ ಕೆಲಸ. ನಮ್ಮ ಮುಖ್ಯ ಉಪಸಂಪಾದಕರು ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಕೆಂಪು ಪೆನ್ನು ಹಿಡಿಯುವವರು. ಸೇರಿದ ಹೊಸತರಲ್ಲಿ ನಾನು 'ಭಾರೀ ಮಳೆ' ಎಂದು ಬರೆದದ್ದಕ್ಕೆ ಕರೆದು ನಿಲ್ಲಿಸಿಕೊಂಡರು.

"ಭಾರೀ ಅಂತ ಬರದೀರಿ. ಎಷ್ಟು ಭಾರ ಇತ್ತು? ನೀವೇನು ಎತ್ತಿ ನೋಡಿದ್ರ್ಯಾ?"

ಮರುದಿನ 'ಜನಜೀವನ ಅಸ್ತವ್ಯಸ್ತ' ಎಂದು ಬರೆದೆ. "ಯಾವ ಜನ, ಯಾರ ಜೀವನಾ? ಮಂದೀ ಹೆಸರ ಹೇಳ್ರಿ" ಎಂದರು. ಅಂದಿನಿಂದ ನನ್ನ ಬರಹದಲ್ಲಿ ವಿಶೇಷಣಗಳು ಉಪ್ಪಿನಷ್ಟೇ ಉಳಿದವು. ಹವಾಮಾನದ ಪುಟ್ಟ ಚೌಕವನ್ನು ಬರೆಯುವ ಪಾಳಿ ಬಹುತೇಕ ನನ್ನದೇ ಇರುತ್ತಿತ್ತು. 'ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ ಇದೆ.' ಈ ವಾಕ್ಯವನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅದು ಎಂದೂ ಸುಳ್ಳಾಗದ ವಾಕ್ಯ. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ.

ಇನ್ನೊಂದು ಕೆಲಸವೂ ನನ್ನದಿತ್ತು, ತಿದ್ದುಪಡಿ ಹಾಕುವುದು. ನಿನ್ನೆ ತಪ್ಪಾಗಿ ಅಚ್ಚಾದದ್ದನ್ನು ಇವತ್ತು ಒಳಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಸರಿಪಡಿಸುವುದು. ತಪ್ಪನ್ನು ಓದಿದವರು ಸಾವಿರ ಮಂದಿಯಾದರೆ ತಿದ್ದುಪಡಿ ಓದುವವರು ಅದನ್ನು ಬರೆದವನು ಮತ್ತು ಅವನ ಹೆಂಡತಿ. ನನ್ನ ವಿಷಯದಲ್ಲಿ ಹೆಂಡತಿಯೂ ಓದುತ್ತಿರಲಿಲ್ಲ.

ಮೋಡ ನೋಡುವ ಕೆಲಸ ಮಾತ್ರ ಪತ್ರಿಕೆಗಿಂತ ಹಳೆಯದು. ಬೇಸಿಗೆಯಲ್ಲಿ ಅವ್ವ ಮಾಳಿಗೆಯ ಮೇಲೆ ಕೋಲು ಕಟ್ಟಿ ಶಾವಿಗೆ ಇಳಿಬಿಡುತ್ತಿದ್ದಳು. ಕಾಗೆ ಓಡಿಸಲು ಅಕ್ಕ ಗೌರವ್ವ, ಮೋಡ ನೋಡಲು ನಾನು. ಅಕ್ಕನಿಗೆ ಕೋಲು ಕೊಟ್ಟಿದ್ದರು, ನನಗೆ ಏನೂ ಇಲ್ಲ. ಬಿಸಿ ಮಣ್ಣಿನ ಮೇಲೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಮೋಡದಲ್ಲಿ ಆನೆ, ಎತ್ತು, ನಮ್ಮ ಗಣಿತದ ಮಾಸ್ತರ ಮೂಗು ಎಲ್ಲವನ್ನೂ ಕಾಣುತ್ತಿದ್ದೆ. ಅಕ್ಕ ಆಗಾಗ ಬಂದು ಕೋಲಿನಿಂದ ತಿವಿಯುತ್ತಿದ್ದಳು.

"ಲೇ, ಮಳಿ ಬರ್ತೈತೋ ಇಲ್ಲೋ?"

"ಬರಬಹುದು."

"ಬರಬಹುದು ಅಂದ್ರ ಏನಲೇ? ಶಾವಿಗಿ ತಗೀಲೋ ಬಿಡಲೋ?"

ನನ್ನ ಉತ್ತರಕ್ಕೆ ಕಾಯದೆ ಅವಳೇ ತೆಗೆಯುತ್ತಿದ್ದಳು, ಇಲ್ಲವೇ ಬಿಡುತ್ತಿದ್ದಳು. ಪತ್ರಿಕೆಯಲ್ಲಿ ನಾನು ನೆಲೆ ನಿಂತದ್ದು ಆ 'ಬರಬಹುದು' ಎಂಬ ಮಾತಿನ ಬಲದಿಂದ ಎಂದು ಈಗ ಅನ್ನಿಸುತ್ತದೆ.

ಅಕ್ಕನನ್ನು ಕೊಟ್ಟದ್ದು ಟಿಕೋಟಾದ ಆಚೆ ಕಳ್ಳಕವಟಗಿಗೆ. ಅವಳ ಗಂಡ, ನಮ್ಮ ಶಂಕ್ರೆಪ್ಪ ಮಾಂವ, ದ್ರಾಕ್ಷಿ ಬೆಳೆಯುತ್ತಾನೆ. ಹಣ್ಣನ್ನು ಹಾಗೇ ಮಾರುವುದಕ್ಕಿಂತ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವುದೇ ಆ ಕಡೆಯ ರೂಢಿ. ಹೊಲದಲ್ಲೇ ಉದ್ದನೆಯ ಶೆಡ್ಡು. ಮೇಲೆ ತಗಡು, ನಾಲ್ಕೂ ಕಡೆ ಬಯಲು, ಒಳಗೆ ಒಂದರ ಮೇಲೊಂದು ಅಟ್ಟಣಿಗೆಯಂತೆ ಬಿಗಿದ ಬಲೆಗಳು. ಕೊಯ್ದ ಗೊಂಚಲನ್ನು ಔಷಧದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರಡಿದರೆ, ಬಿಸಿಲು ತಾಕದೆ ಬರೀ ಗಾಳಿಗೆ ಹಸಿರಾಗಿ ಒಣಗಬೇಕು. ಹಸಿರಿಗೇ ಬೆಲೆ.

ಈ ಹಸಿರಿಗೆ ಇಬ್ಬರು ವೈರಿಗಳು. ಒಬ್ಬ ಅಡ್ಡಮಳೆ. ಗಾಳಿಯ ಜೊತೆ ಬಂದು ಎರಚಲು ಹೊಡೆದರೆ ಕಾಳು ನೀರು ಕುಡಿದು ಕಪ್ಪಾಗುತ್ತದೆ. ಅದಕ್ಕೇ ಶೆಡ್ಡಿನ ಸುತ್ತ ಟಾರ್ಪಾಲಿನ ತಾಡಪತ್ರಿ ಸುತ್ತಿ ಮೇಲೆ ಕಟ್ಟಿಟ್ಟಿರುತ್ತಾರೆ, ಬೇಕಾದಾಗ ಇಳಿಬಿಡಲು. ಎರಡನೆಯ ವೈರಿ ಈ ತಾಡಪತ್ರಿಯೇ. ಇಳಿಬಿಟ್ಟು ಬಹಳ ಹೊತ್ತು ಇಟ್ಟರೆ ಗಾಳಿಯಾಡದು. ಕಾದ ತಗಡಿನ ಕೆಳಗೆ ಕಾಳು ಬೆವರಿ, ಮುಗ್ಗು ಹಿಡಿದು, ಅದೂ ಕಪ್ಪಾಗುತ್ತದೆ. ಆದ್ದರಿಂದ 'ಎದಕ್ಕೂ ಇರಲಿ' ಎಂದು ಮುಚ್ಚಿಡುವ ಹಾಗಿಲ್ಲ. ಮಳೆ ಬರುತ್ತದೋ ಇಲ್ಲವೋ, ಒಂದು ಮಾತು ತಿಳಿಯಬೇಕು. ಅಲ್ಲಿ 'ಸಾಧ್ಯತೆ ಇದೆ' ಎಂಬುದಕ್ಕೆ ಕವಡೆಯ ಬೆಲೆಯಿಲ್ಲ.

ನನ್ನ ಚಟ ಗೊತ್ತಿದ್ದ ಮಾಂವ ಊರಿನ ಶೆಡ್ಡಿನವರ ವಾಟ್ಸ್ಯಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದ. "ಪೇಪರಿನ್ಯಾಂವ, ಸುಳ್ಳ ಹೇಳಂಗಿಲ್ಲ" ಎಂದು ಪರಿಚಯಿಸಿದ್ದ. ನಾನು ಖುಷಿಗೆ, ಹಿಂದಿನ ವರ್ಷದ ಮೋಡಗಳ ಆ ಸಣ್ಣ ಚಿತ್ರವನ್ನು ಗುಂಪಿಗೆ ಕಳಿಸಿದೆ. ಭೂಮಿಯ ಅಂದಚೆಂದ ಎಲ್ಲರೂ ನೋಡಲಿ ಎಂದು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮಾತ್ರ, "ಇದರಾಗ ನಮ್ಮ ಬಾಂವಿ ಎಲ್ಲೈತ್ರಿ?" ಎಂದು ಕೇಳಿದರು.

ಆ ದಿನ ಬಬಲೇಶ್ವರದಲ್ಲಿ ಮದುವೆ. ಮಾಂವನ ತಂಗಿಯ ಮಗಳದು. ಮಾಂವ ಸೋದರಮಾವ. ಶೆಡ್ಡಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಗುಂಪು, ಅವರ ಮುಂದಾಳು ಸೋನವ್ವ, ಎಲ್ಲರಿಗೂ ಆಮಂತ್ರಣ. ಶೆಡ್ಡು ತುಂಬಿತ್ತು, ಬಲೆಯ ಮೇಲಿನ ದ್ರಾಕ್ಷಿ ಇನ್ನೇನು ಒಣಗಿ ಉದುರಿಸುವ ಹದಕ್ಕೆ ಬರುತ್ತಿತ್ತು. ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಡುತ್ತಿರುವಾಗ ಗುಂಪಿನಲ್ಲಿ ಒಂದು ತುಣುಕು ಬಂತು. ಅರಬ್ಬೀ ಸಮುದ್ರದ ಮೇಲೆ ದೊಡ್ಡ ಸುಳಿಯೊಂದು ಗರಗರ ತಿರುಗುತ್ತ ನಮ್ಮ ಕಡೆ ಬರುತ್ತಿದೆ. ಕೆಂಪು ಬಾಣದ ಗುರುತು ಬೇರೆ. ಕೆಳಗೆ ಬರಹ: 'ಇಂದು ಸಂಜೆಯೊಳಗೆ ವಿಜಯಪುರ ಜಿಲ್ಲೆ. ಎಲ್ಲರಿಗೂ ಕಳಿಸಿ.'

ಮಾಂವನ ಫೋನ್ ಬಂತು.

"ಏನ್ರಿ ಹವಾಮಾನ ಸಾಹೇಬ್ರ, ನೋಡಿದ್ರ್ಯಾ? ನಾವು ಎದ್ದಕೂಡ್ಲೆ ತಾಡಪತ್ರಿ ಬಿಟ್ಟು ಕಟ್ಟೇವಿ. ಊರಾಗ ಎಲ್ಲಾರೂ ಕಟ್ಟ್ಯಾರ. ಮದವಿಗೆ ಹೋಗೂದೋ ಬ್ಯಾಡೋ ಅಂತ ನಿಮ್ಮಕ್ಕ ಕುಂತಾಳ."

ನನಗೆ ಆ ಸುಳಿಯನ್ನು ಕಂಡಕೂಡಲೇ ಗುರುತು ಸಿಕ್ಕಿತ್ತು. ಆ ವರ್ಷದ ಚಿತ್ರವನ್ನು ನಾನು ಪಾಠ ಒಪ್ಪಿಸುವಷ್ಟು ಸಲ ನೋಡಿದ್ದೆ. ಹಿಂದಿನ ವರ್ಷ ಮುಂಗಾರಿಗೆ ಮುಂಚೆ ಹುಟ್ಟಿದ ಸುಳಿ ಅದು. ನಮ್ಮ ಕಡೆ ಬಂದ ಹಾಗೆ ಮಾಡಿ ಬಡಗಣಕ್ಕೆ ತಿರುಗಿ ಸಮುದ್ರದಲ್ಲೇ ಕರಗಿತ್ತು. ನಾನು ಕಳಿಸಿದ ಚಿತ್ರದಿಂದಲೇ ಯಾರೋ ಆ ತುಣುಕನ್ನು ಕತ್ತರಿಸಿ, ಹಿಗ್ಗಿಸಿ, ಬಾಣ ಬರೆದಿದ್ದರು. ಯಾರೆಂದು ತಿಳಿಯಲಿಲ್ಲ. ಇಂಥ ಫಾರ್ವರ್ಡುಗಳಿಗೆ ತಾಯಿತಂದೆ ಇರುವುದಿಲ್ಲ.

ಹಳೆಯ ತಿದ್ದುಪಡಿಗಾರ ಮೈಕೊಡವಿ ಎದ್ದ. ಗುಂಪಿನಲ್ಲಿ ಬರೆದೆ: 'ಇದು ಹೋದ ವರ್ಷದ ಮೋಡ. ಇಂದಿನದಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.' ಒಂದು ವಿಶೇಷಣವಿಲ್ಲ, ಒಂದು ಊಹೆಯಿಲ್ಲ. ನಮ್ಮ ಮುಖ್ಯ ಉಪಸಂಪಾದಕರು ಇದ್ದಿದ್ದರೆ ಪೆನ್ನು ಮುಚ್ಚಿ ಒಂದು ಎಲೆ ಜಾಸ್ತಿ ಹಾಕಿಕೊಳ್ಳುತ್ತಿದ್ದರು.

ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ನನ್ನ ಜೀವಮಾನದಲ್ಲಿ ತಿದ್ದುಪಡಿಯೊಂದನ್ನು ಇಷ್ಟು ಜನ ಓದಿದ್ದು ಅದೇ ಮೊದಲು. ಎಷ್ಟು ಕೈಗಳೆಂದು ಎಣಿಸತೊಡಗಿದ್ದೆ. ಅಷ್ಟರಲ್ಲಿ ಒಬ್ಬರು ಬರೆದರು: 'ಮಳೆ ಇಲ್ಲ ಅಂತ ತಿಳಿಸಿದ್ದಕ್ಕೆ ಧನ್ಯವಾದ ಸರ್. ತಾಡಪತ್ರಿ ಎತ್ತಿದೆವು.'

ಮಳೆ ಇಲ್ಲವೆಂದು ನಾನು ಹೇಳಿರಲಿಲ್ಲ. ಚಿತ್ರ ಹಳೆಯದು ಎಂದಿದ್ದೆ. ಇಂದಿನ ಆಕಾಶದ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಆಗ ಇಂದಿನ ಚಿತ್ರ ತೆಗೆದು ನೋಡಿದೆ. ನಮ್ಮ ಮೇಲೆ ಏನೂ ಇರಲಿಲ್ಲ, ಖಾಲಿ ಹಂಚು. ಖಾಲಿ ಇದ್ದದ್ದು ಹೌದು, ಆದರೆ ಬೇಸಿಗೆಯಲ್ಲಿ ನಮ್ಮ ಕಡೆಯ ಮೋಡ ಹುಟ್ಟುವುದೇ ಮಧ್ಯಾಹ್ನದ ಬಿಸಿಲಿಗೆ. ಬೆಳಗಿನ ಖಾಲಿ ಆಕಾಶ ಏನನ್ನೂ ಸಾಬೀತು ಮಾಡದು. ಇದನ್ನೂ ಬರೆಯಬೇಕೆಂದು ಬೆರಳು ಎತ್ತಿದೆ. "ಗಾಡಿ ಬಂತ್ರಿ" ಎಂದು ಹೆಂಡತಿ ಕೂಗಿದಳು. ಬಬಲೇಶ್ವರದ ಹಾದಿ ಹಿಡಿದ ಮೇಲೆ ಫೋನ್ ಮಾಡಿದರೆ ಮಾಂವನ ಕಡೆಯಿಂದ ಡಿಜೆಯ ಸದ್ದು ಮಾತ್ರ ಕೇಳಿತು.

ಮದುವೆಮನೆಯ ಚಪ್ಪರದಲ್ಲಿ ಕಳ್ಳಕವಟಗಿಯ ಅರ್ಧ ಊರು ಕೂತಿತ್ತು. ಎಲ್ಲರೂ ನನ್ನನ್ನು ಕಂಡು ನಕ್ಕರು, ಜಾಗ ಬಿಟ್ಟರು, ಎಂದೂ ಇಲ್ಲದ ಮರ್ಯಾದೆ. ಸೋನವ್ವ ದೂರದಿಂದಲೇ, "ಸರ, ನಿಮ್ಮಿಂದ ಇವತ್ತ ಹುಗ್ಗಿ ಸಿಕ್ಕಂಗ ಆತ ನೋಡ್ರಿ ನಮಗ" ಎಂದಳು. ಶೆಡ್ಡಿಗೆ ಯಾರಿದ್ದಾರೆ ಎಂದು ಅಕ್ಕನನ್ನು ಕೇಳಿದೆ.

"ನಾಯಿ ಐತಿ" ಎಂದಳು. "ನೀನ ಹೇಳೀದಿ ಅಂತ ಎಲ್ಲಾ ಬಯಲ ಮಾಡಿ ಬಂದೇವಿ. ಗಾಳ್ಯಾಡಲಿ."

ಮುಹೂರ್ತದ ವೇಳೆ ದಾಟಿತ್ತು. ವರನ ಮೆರವಣಿಗೆ ಡಿಜೆಯ ಮುಂದೆ ಕುಣಿಯುತ್ತ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬರಲು ಪಂಚಾಂಗವನ್ನೇ ಮೀರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ತನಕ ಯಾರೂ ಏಳುವ ಹಾಗಿಲ್ಲ. ಸೋದರಮಾವನಂತೂ ಮದುಮಗಳ ಬಳಿ ನಿಂತಲ್ಲಿಂದ ಕದಲುವ ಹಾಗೇ ಇಲ್ಲ. ಚಪ್ಪರದ ಬಟ್ಟೆಯ ಕೆಳಗೆ ಸೆಕೆ ತಡೆಯಲಾರದಷ್ಟಾಗಿತ್ತು. ನಾನು ಮೊಬೈಲ್ ತೆಗೆದು, ಇಂದಿನ ಚಿತ್ರವನ್ನು ನಮ್ಮ ನೆಲ ಪರದೆ ತುಂಬುವಷ್ಟು ಹಿಗ್ಗಿಸಿದೆ.

ಜತ್ತಿನ ಕಡೆ, ನಮಗೆ ಪಶ್ಚಿಮಕ್ಕೆ, ಒಂದು ಅಕ್ಕಿಕಾಳಿನಷ್ಟು ಬಿಳಿ.

ಈ ಚಿತ್ರಗಳ ಒಂದು ಗುಣ ಹೇಳಬೇಕು. ಅವು ಕೈಗೆ ಸಿಗುವಾಗಲೇ ಅರ್ಧ ತಾಸು ಹಳೆಯವು. ಅಂದರೆ ನಾನು ನೋಡುತ್ತಿದ್ದ ಕಾಳು ಅಷ್ಟು ಹೊತ್ತಿಗೆ ಕಾಳಾಗಿ ಉಳಿದಿರಲಿಲ್ಲ. ಅದು ಏನಾಗಿತ್ತೆಂದು ತಿಳಿಯಲು ಇನ್ನೊಂದು ಚಿತ್ರ ಬರಬೇಕು, ಅದೂ ಹಳೆಯದೇ ಆಗಿರುತ್ತದೆ. ಕಾದೆ. ಹೊಸ ಚಿತ್ರ ಬಂತು. ಕಾಳು ಹುಣಸೆಬೀಜವಾಗಿತ್ತು. ಪಶ್ಚಿಮದ ಅಂಚು ಕೊಯ್ದ ಹಾಗೆ ಚೂಪು, ಪೂರ್ವಕ್ಕೆ ಹತ್ತಿ ಹಿಂಜಿದಂತೆ ಎಳೆ. ಆ ಎಳೆ ಬಾಚಿದ್ದು ಟಿಕೋಟಾದ ದಿಕ್ಕಿಗೆ.

ಅಕ್ಕನ ಬಳಿ ಹೋಗಿ ತೋರಿಸಿದೆ. ಅವಳು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಬರ್ತೈತೇನು?"

"ಬೆಳ್ಯಾಕತ್ತೈತಿ. ನಮ್ಮ ಕಡೀಗೇ ಬರೂ ಹಂಗ..."

"ಹಂಗೂ ಹಿಂಗೂ ಬ್ಯಾಡ ತಮ್ಮಾ. ಕಟ್ಟಬೇಕೋ, ಬ್ಯಾಡೋ?"

ನನ್ನ ವೃತ್ತಿಯಲ್ಲಿ ನಾನೆಂದೂ ಕೊಡದ ಉತ್ತರವನ್ನು ಅವಳು ಕೇಳುತ್ತಿದ್ದಳು. ಇದು ಸುಳ್ಳಾದರೆ ಊಟ ಬಿಟ್ಟು ಓಡಿದ್ದು, ಮದುವೆಯಲ್ಲಿ ನಗೆಪಾಟಲು, ಮುಚ್ಚಿದ ಶೆಡ್ಡಿನಲ್ಲಿ ಬೆವರುವ ಕಾಳು, ಎಲ್ಲವೂ ನನ್ನ ಹೆಸರಿಗೆ. ನಿಜವಾದರೆ, ಈಗಲೇ ತಡವಾಗಿದೆ.

"ಕಟ್ಟಬೇಕು" ಎಂದೆ.

ಅಕ್ಕ ಮಾಂವನ ಕಿವಿಯಲ್ಲಿ ಹೇಳಿದಳು. ತಲೆಗೆ ಹೊಸ ಪಟಗ ಸುತ್ತಿಕೊಂಡು ಮದುಮಗಳ ಪಕ್ಕ ನಿಂತಿದ್ದ ಮಾಂವ ನನ್ನನ್ನು ಕೈಸನ್ನೆ ಮಾಡಿ ಕರೆದ. ಮಂದಿಯೆದುರು ನಗುಮುಖವನ್ನೇ ಇಟ್ಟುಕೊಂಡು ಹಲ್ಲಿನ ಸಂದಿಯಿಂದ ಮಾತಾಡಿದ.

"ಮುಂಜಾನೆ ಬಿಚ್ಚರಿ ಅಂದಿ, ಈಗ ಕಟ್ಟರಿ ಅಂತಿ. ನಮ್ಮ ತಾಡಪತ್ರೀನ ಲುಂಗಿ ಅಂತ ತಿಳದೀಯೇನು?"

"ನಾ ಬಿಚ್ಚರಿ ಅಂದಿಲ್ಲ ಮಾಂವಾ. ಚಿತ್ರಾ ಹಳೇದು ಅಂದೆ."

"ಎರಡಕ್ಕೂ ಏನ ಫರಕ?"

ಡೆಸ್ಕಿನಲ್ಲಾಗಿದ್ದರೆ ಆ ಫರಕಿನ ಮೇಲೆ ನಾನು ಒಂದು ತಾಸು ಮಾತಾಡುತ್ತಿದ್ದೆ. ಅಲ್ಲಿ ಮೊಬೈಲನ್ನು ಅವನ ಮುಂದೆ ಹಿಡಿದೆ. ಮಾಂವ ಹೊರಗಿನ ಬಿಸಿಲನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದ. "ನಾ ಬರಾಕ ಬರಂಗಿಲ್ಲ. ನೀನ ನೋಡು" ಎಂದು ಅವಳಿಗೆ ಹೇಳಿ, ಮದುಮಗಳ ಕಡೆ ತಿರುಗಿದ.

ಅಕ್ಕ ಶಾಮಿಯಾನದ ನಡುವೆ ನಡೆದು ಸೋನವ್ವನ ಪಂಕ್ತಿಯ ಮುಂದೆ ನಿಂತಳು. ಮುಹೂರ್ತ ತಡವಾಯಿತೆಂದು ಅವರ ಎದುರು ಆಗಲೇ ಎಲೆ ಬಿದ್ದಿತ್ತು.

"ಏಳ್ರಿ ಬೇ. ಶೆಡ್ಡಿಗೆ ಹೋಗಬೇಕು."

"ಹುಗ್ಗಿ ಬರಾಕತ್ತೈತಲ್ಲ ಅಕ್ಕಾ."

"ಹುಗ್ಗಿ ಬೋಗಾಣ್ಯಾಗ ನಿಮ್ಮ ಜೋಡಿನ ಬರ್ತೈತಿ. ಏಳ್ರಿ."

ಸೋನವ್ವ ನನ್ನ ಕಡೆ ನೋಡಿ, "ಕೊಟ್ಟವರೂ ನೀವ, ಕಸಗೊಂಡವರೂ ನೀವ" ಎಂದು ಎಲೆಗೆ ಕೈಮುಗಿದು ಎದ್ದಳು. ನನ್ನ ಹೆಂಡತಿಯನ್ನು ಮದುವೆಮನೆಯಲ್ಲೇ ಬಿಟ್ಟೆವು. ಒಂದು ಟಂಟಂ ಗಾಡಿಯ ಹಿಂದೆ ಹೆಣ್ಣುಮಕ್ಕಳೆಲ್ಲ ಹತ್ತಿದರು, ನಡುವೆ ಹುಗ್ಗಿಯ ಬೋಗಾಣಿ. ಮುಂದೆ ಡ್ರೈವರನ ಪಕ್ಕ ರೇಷ್ಮೆ ಸೀರೆಯ ಅಕ್ಕ, ಅವಳ ಪಕ್ಕ ಅರ್ಧ ಹೊರಗೆ ನೇತಾಡುತ್ತ ನಾನು.

ಗಾಡಿ ಹೊರಟ ಮೇಲೆ ಗುಂಪಿನಲ್ಲಿ ಬರೆದೆ: 'ಈಗಿನ ಚಿತ್ರದಲ್ಲಿ ಜತ್ ಕಡೆ ಮೋಡ ಬೆಳೆಯುತ್ತಿದೆ. ತಾಡಪತ್ರಿ ಕಟ್ಟಿ.' ಊರಲ್ಲಿ ಉಳಿದವರು ಯಾರಾದರೂ ನೋಡಲಿ ಎಂದು. ತುಸು ಹೊತ್ತಿಗೆ ಉತ್ತರ ಬಂತು.

'ಸರ್, ಇದು ಯಾವ ವರ್ಷದ್ದು?'

ಅಕ್ಕ ಓದಿ ನಗಲಿಲ್ಲ. ನಾನೂ ನಗಲಿಲ್ಲ. ಗಾಜಿನಾಚೆ ಕಣ್ಣು ಚುಚ್ಚುವ ಬಿಸಿಲು. ಹಾದಿಬದಿಯ ಬೇವಿನ ಎಲೆಗಳು ಹೊಳೆಯುತ್ತಿದ್ದವು. ಹಿಂದಿನಿಂದ ಒಂದು ಧ್ವನಿ ಕೇಳಿತು: "ಮೋಡ ಎಲ್ಲೈತ್ರಿ ಸರ? ಫೋನಿನಾಗಿಂದ ಹೊರಗ ಬಂದಿಲ್ಲೇನು ಇನ್ನಾ?" ಉಳಿದವರು ನಕ್ಕರು. ಟಿಕೋಟಾ ಬರುವ ತನಕ ಆಕಾಶ ಅವರ ಕಡೆಗೇ ಸಾಕ್ಷಿ ಹೇಳುತ್ತಿತ್ತು. ನನ್ನ ಹಣೆಯ ಬೆವರು ಸೆಕೆಯದು ಮಾತ್ರವಾಗಿರಲಿಲ್ಲ. ಮಳೆ ಬರಬೇಕೆಂದು ಒಳಗೊಳಗೇ ಬೇಡಿಕೊಳ್ಳುತ್ತಿರುವುದು ನನ್ನ ಗಮನಕ್ಕೆ ಬಂತು. ಅಕ್ಕನ ಶೆಡ್ಡು ಬಾಯಿ ತೆರೆದುಕೊಂಡಿರುವಾಗ, ನನ್ನ ಮಾತು ನಿಲ್ಲಲಿ ಎಂದು ಮಳೆಯನ್ನು ಬೇಡುವುದು. ಅವಳ ಕಡೆ ನೋಡಲಾಗದೆ ಹೊರಗೆ ನೋಡಿದೆ.

ಟಿಕೋಟಾ ದಾಟಿ ಪಶ್ಚಿಮಕ್ಕೆ ತಿರುಗಿದಾಗ ಹಿಂದಿನ ನಗೆ ತಾನಾ‍ಗಿ ನಿಂತಿತು. ದಿಗಂತದಲ್ಲಿ ಮಸಿಯ ಗೋಡೆ ಎದ್ದಿತ್ತು. ಅದರ ನೆತ್ತಿ ಮಾತ್ರ ಬಿಸಿಲಿಗೆ ಹಾಲಿನಂತೆ ಬೆಳಗುತ್ತಿತ್ತು. ಮೇಲಿನಿಂದ ಉಪಗ್ರಹಕ್ಕೆ ಕಾಣುವುದು ಆ ನೆತ್ತಿ. ಕೆಳಗಿನಿಂದ ನಮಗೆ ಕಾಣುವುದು ಹೊಟ್ಟೆ. ವರ್ಷವಿಡೀ ನೆತ್ತಿಯನ್ನೇ ನೋಡುತ್ತ ಬಂದ ನನಗೆ ಈ ಹೊಟ್ಟೆಯ ಬಣ್ಣ ಮರೆತಿತ್ತು.

ಅಕ್ಕ ಡ್ರೈವರನಿಗೆ, "ಹೊಡಿ ಯಪ್ಪಾ" ಎಂದಳು, ಅಷ್ಟೇ.

ಶೆಡ್ಡಿಗೆ ಬರುವ ಹೊತ್ತಿಗೆ ಗಾಳಿ ಸತ್ತುಹೋಗಿತ್ತು. ಬಲೆಗಳ ಮೇಲೆ ದ್ರಾಕ್ಷಿ ತಿಳಿ ಹಸಿರಾಗಿ, ಮುದುಡಿ, ಸಿಹಿ ವಾಸನೆ ಹೊಮ್ಮಿಸುತ್ತ ಹರಡಿಕೊಂಡಿತ್ತು. ಸೋನವ್ವನ ಗುಂಪು ಪಡುವಣ ಬದಿಗೆ ಓಡಿತು, ಗಾಳಿ ಬರುವುದೇ ಅಲ್ಲಿಂದ. ಸುತ್ತಿಟ್ಟ ತಾಡಪತ್ರಿ ದಡದಡ ಇಳಿಯಿತು. ಒಬ್ಬರು ಎಳೆದರೆ ಒಬ್ಬರು ಕಂಬಕ್ಕೆ ಬಿಗಿಯುತ್ತ ಬಂದರು. ನನ್ನ ಕೈಗೂ ಹಗ್ಗ ಬಂತು. ಮೂಡಣ ಬದಿಯ ಗಂಟುಗಳು ನನ್ನ ಪಾಲಿಗೆ. ಗಂಟು ಹಾಕಲು ನನಗೆ ಬರುವುದು ಹಳೆಯ ಪತ್ರಿಕೆಗಳ ಕಟ್ಟಿಗೆ ಹಾಕುವ ಗಂಟು ಒಂದೇ. ಅದನ್ನೇ ಹಾಕಿದೆ, ಇದ್ದಬಿದ್ದ ಶಕ್ತಿಯಿಂದ.

ಮೊದಲು ಬಂದದ್ದು ಧೂಳು. ಆಮೇಲೆ ಗಾಳಿ, ತಗಡು ಎದ್ದೇಳುವಂತೆ. ಪಡುವಣ, ಬಡಗಣ, ಮೂಡಣ ಮುಚ್ಚಿದ್ದವು. ತೆಂಕಣ ಬದಿಯ ಕಡೆಯ ತಾಡಪತ್ರಿಯಲ್ಲಿ ಹಗ್ಗ ಪೋಣಿಸುವ ಕಣ್ಣು ಹರಿದು ಅಂಚು ಪಟಪಟ ಹೊಡೆದುಕೊಳ್ಳತೊಡಗಿತು. ಅಷ್ಟರಲ್ಲಿ ಮಳೆ. ಅಕ್ಕ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಹರಿದ ಅಂಚನ್ನು ಎರಡೂ ಕೈಯಿಂದ ಹಿಡಿದು, ಬಲೆಗಳಿಗೆ ಬೆನ್ನುಕೊಟ್ಟು ನಿಂತಳು. ನಾನು ಹೋಗಿ ಅವಳ ಪಕ್ಕ ಇನ್ನೊಂದು ತುದಿ ಹಿಡಿದೆ. ನಮ್ಮಿಬ್ಬರ ನಡುವಿನ ಸಂದಿಯಿಂದ ನೀರು ಒಳಗೆ ಎರಚುತ್ತಿತ್ತು. ಅವಳು ತಲೆ ತಿರುಗಿಸಿ ಅದನ್ನೇ ನೋಡುತ್ತಿದ್ದಳು.

"ನಿನ್ನ ಸೀರಿ" ಎಂದೆ.

"ಸೀರಿ ಒಣಗ್ತೈತಿ" ಎಂದಳು.

ಒಂದು ಕೊಡ ತುಂಬುವಷ್ಟು ಹೊತ್ತು ಹೊಯ್ದು ಮಳೆ ನಿಂತಿತು. ತೆಂಕಣ ಬದಿಯ ಬಲೆಗಳಲ್ಲಿ ಹೊರಗಿನ ಮೊಳದಷ್ಟು ಅಗಲ ಉದ್ದಕ್ಕೂ ತೊಯ್ದಿತ್ತು. ಒಳಗಿನದೆಲ್ಲ ಒಣಗಿತ್ತು. ಸೋನವ್ವ ಒಳಗೆ ಕೈ ಆಡಿಸಿ ನೋಡಿ ಬಂದು, "ಒಳಗ ಛಲೋ ಐತಿ ಅಕ್ಕಾ" ಎಂದಳು. ಬೆಳಿಗ್ಗೆ ಕಟ್ಟಿದ್ದನ್ನು ಕಟ್ಟಿದ ಹಾಗೇ ಬಿಟ್ಟಿದ್ದರೆ ಆ ಮೊಳವೂ ಒದ್ದೆಯಾಗುತ್ತಿರಲಿಲ್ಲ. ಸುಳ್ಳು ಚಿತ್ರ ಆ ದಿನ ಶೆಡ್ಡನ್ನು ಕಾಯುತ್ತಿತ್ತು. ನನ್ನ ತಿದ್ದುಪಡಿ ಅದನ್ನು ಬಿಚ್ಚಿಸಿತ್ತು. ಆದರೂ ಆ ಮೂರು ವಾಕ್ಯಗಳಲ್ಲಿ ತಪ್ಪಿಲ್ಲ. ಎಷ್ಟು ಸಲ ಓದಿದರೂ ತಪ್ಪು ಸಿಕ್ಕುವುದಿಲ್ಲ, ಅದೇ ನನ್ನನ್ನು ಕಾಡುವುದು.

ಬೋಗಾಣಿಯ ಮುಚ್ಚಳ ತೆಗೆದು ಎಲ್ಲರೂ ಹುಗ್ಗಿ ಉಣ್ಣುತ್ತಿರುವಾಗ ಮಾಂವ ಯಾರದೋ ಬೈಕಿನ ಹಿಂದೆ ಕೂತು ಬಂದ. ಪಟಗ ಒದ್ದೆ, ಹೆಗಲ ಮೇಲೆ ಅಕ್ಕಿಕಾಳು ಅಂಟಿಕೊಂಡಿತ್ತು.

"ಅಕ್ಕಿಕಾಳ ಬಿತ್ತೇನು?" ಅಕ್ಕ ಕೇಳಿದಳು.

"ಬಿತ್ತು. ಹುಡುಗಿ ನಿನ್ನ ಕೇಳಿದ್ಲು."

ಶೆಡ್ಡಿನ ಸುತ್ತ ಒಂದು ಸುತ್ತು ಬಂದ. ತೆಂಕಣ ಬದಿಯಲ್ಲಿ ನಿಂತು ಒದ್ದೆ ಕಾಳೊಂದನ್ನು ಹಿಸುಕಿ ನೋಡಿದ. ಪಕ್ಕದ ಹೊಲದ ಶೆಡ್ಡಿನ ಕಡೆ ನೋಡಿದ. ಅದು ನಾಲ್ಕೂ ಕಡೆ ಬಯಲಾಗಿಯೇ ಇತ್ತು, ಅದರ ಯಜಮಾನ ಇನ್ನೂ ಮದುವೆಯಲ್ಲಿದ್ದ. ಆಮೇಲೆ ನನ್ನ ಬಳಿ ಬಂದು ಒಂದೇ ಮಾತು ಹೇಳಿದ.

"ಚಿತ್ರಾ ಹಳೇದಿತ್ತು. ಖರೆ."

ಅದರಲ್ಲಿ ಕುಟುಕು ಇತ್ತೋ ಇಲ್ಲವೋ ಇಂದಿಗೂ ತಿಳಿದಿಲ್ಲ. ಕೇಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು.

"ಈಗ ಹೇಳು. ಬಿಚ್ಚೂದೋ, ಹಂಗ ಇಡೂದೋ?"

ಮಳೆ ನಿಂತು ಬಿಸಿಲು ಮತ್ತೆ ತಗಡಿನ ಮೇಲೆ ಬಿದ್ದಿತ್ತು. ಒಳಗೆ ಹಬೆ ಏಳುತ್ತಿತ್ತು. ಮುಚ್ಚಿಯೇ ಇಟ್ಟರೆ ಉಳಿದ ಕಾಳೂ ಬೆವರಿ ಹೋಗುತ್ತದೆ. ಬಿಚ್ಚಿದ ಮೇಲೆ ಇನ್ನೊಂದು ಹೊಡೆತ ಬಂದರೂ ಹೋಗುತ್ತದೆ. ಮೊಬೈಲ್ ತೆಗೆದೆ. ಗಾಳಿಗೆ ಟವರ್ ಹೋಗಿತ್ತು. ಪರದೆಯ ಮೇಲೆ ಮಳೆಗೆ ಮುಂಚಿನ ಚಿತ್ರವೇ ನಿಂತಿತ್ತು.

"ಇನ್ನೊಂದ ಚಿತ್ರಾ ಬರಲಿ ಮಾಂವಾ."

"ಅದು ಬರೂತನಾ ಇವು ತಡೀತಾವೇನು?" ಎಂದು ಬಲೆಗಳತ್ತ ಕೈ ತೋರಿಸಿದ.

ಹೊರಗೆ ಬಂದು ನಿಂತೆ. ಪಶ್ಚಿಮದಲ್ಲಿ ಬೂದು, ಅದರ ಕೆಳಗೆ ಒಂದು ಸೀಳು ಬೆಳಕು. ಅದು ಅಗಲವಾಗುತ್ತಿತ್ತೋ ಕಿರಿದಾಗುತ್ತಿತ್ತೋ ನೋಡನೋಡುತ್ತ ಗೊತ್ತಾಗದಂಥದ್ದು. ತಿರುಗಿದರೆ ಅಕ್ಕ, ಮಾಂವ, ಸೋನವ್ವ, ಕೈಯಲ್ಲಿ ಹುಗ್ಗಿ ಹಿಡಿದ ಹೆಣ್ಣುಮಕ್ಕಳು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಬಿಚ್ಚರಿ" ಎಂದೆ.

ಮೂರು ಬದಿಗಳಿಗೆ ಅವರು ಓಡಿದರು. ಮೂಡಣ ಬದಿಯ ಮುಂದೆ ಸೋನವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇವು ಎಂಥಾ ಗಂಟರಿ ಸರ? ನೀವ ಹಾಕೀರಿ, ನೀವ ಬಿಚ್ಚರಿ."

ಒದ್ದೆಯಾಗಿ ಬಿಗಿದುಕೊಂಡ ಹಗ್ಗ ಉಗುರಿಗೆ ಸಿಗಲಿಲ್ಲ. ಎಳೆದಷ್ಟೂ ಇನ್ನೂ ಬಿಗಿಯಿತು.

"ಕೈಗೆ ಬರಂಗಿಲ್ಲ ಅದು. ಹಲ್ಲ ಹಚ್ಚರಿ."

ಬಗ್ಗಿ ಹಲ್ಲು ಹಚ್ಚಿದೆ. ಬಾಯಿಗೆ ಕೆಸರು, ದ್ರಾಕ್ಷಿಯ ಔಷಧದ ಕಹಿ. ಆ ಸಂಜೆ ಮತ್ತೆ ಮಳೆ ಬರಲಿಲ್ಲ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಆದರೆ ಮೊದಲ ಗಂಟು ಸಡಿಲಿ ತಾಡಪತ್ರಿ ಮೇಲೆದ್ದು ಗಾಳಿ ಒಳಗೆ ನುಗ್ಗಿದಾಗ ಅದು ನನಗೆ ಗೊತ್ತಿರಲಿಲ್ಲ. ಬಾಯಲ್ಲಿ ಎರಡನೆಯ ಗಂಟು ಇದ್ದುದರಿಂದ ತಲೆಯೆತ್ತಿ ನೋಡಲೂ ಆಗಲಿಲ್ಲ.